ಹಿತ್ತಿಲಲ್ಲಿ ಎಂಬತ್ತು ಅಡಿ

ಭಾನುವಾರದ ಊಟದ ಮಧ್ಯೆ ಹಲೋ ಅಮ್ಮ ಸೌಟು ಕೆಳಗಿಟ್ಟು, "ಮಂಗಳವಾರ ಲಾರಿ ಬರುತ್ತೆ. ಹಿತ್ತಿಲ ಗೇಟು ತೆಗೆದಿಟ್ಟಿರಿ" ಎಂದರು.

"ಯಾವ ಲಾರಿ?" ಎಂದ ಮಗ.

"ಟವರ್ ತರೋ ಲಾರಿ. ಎಂಬತ್ತು ಅಡಿ."

ಮಾಸ್ಟರಿಗೆ ರೊಟ್ಟಿ ಗಂಟಲಲ್ಲಿ ಅಡ್ಡ ಸಿಕ್ಕಿ ಕೆಮ್ಮು ಬಂತು. ಸೊಸೆ ಮಾವನ ಮುಂದೆ ನೀರಿನ ಲೋಟ ಸರಿಸಿದಳು. ಕಣ್ಣು ಮಾತ್ರ ಅತ್ತೆಯ ಮೇಲೇ ಇತ್ತು.

ಹಲೋ ಅಮ್ಮ ಎಂಬುದು ಬೀದಿಯವರು ಇಟ್ಟ ಹೆಸರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿನವರ ಕರೆಗಳನ್ನೆಲ್ಲ ಜೋಡಿಸಿ ಕೊಟ್ಟು ನಿವೃತ್ತರಾದವರು ಅವರು. ಮನೆಯಲ್ಲಿ ಸುಮ್ಮನೆ ಕೂರಲಾಗದೆ ಪರೀಕ್ಷೆ ಬರೆದು ಹವ್ಯಾಸಿ ರೇಡಿಯೋ ಲೈಸೆನ್ಸ್ ತೆಗೆದುಕೊಂಡಿದ್ದರು. ಮೆಟ್ಟಿಲ ಕೆಳಗಿನ ಪುಟ್ಟ ಕೋಣೆಯಲ್ಲಿ ಒಂದು ಸೆಟ್ಟು, ಒಂದು ಮೈಕು. ತಾರಸಿಯಿಂದ ಬೇಲಿಯ ಕಂಬಕ್ಕೆ ಎಳೆದು ಕಟ್ಟಿದ ಒಂದು ತಂತಿ. ಆ ತಂತಿಗೆ ಸಮುದ್ರದಾಚೆಯ ದನಿಗಳು ಬಂದು ಬೀಳುತ್ತಿದ್ದವು. ಆದರೆ ಇವರ ದನಿ ಬೇಲಿ ದಾಟುತ್ತಿರಲಿಲ್ಲ.

"ನನಗೆ ಎಲ್ಲರೂ ಕೇಳಿಸ್ತಾರೆ, ನಾನು ಯಾರಿಗೂ ಕೇಳಿಸಲ್ಲ" ಎಂದರು ಹಲೋ ಅಮ್ಮ. "ಎತ್ತರ ಬೇಕು. ಊರಾಚೆಯ ವೈರ್‌ಲೆಸ್ ನಿಲಯ ಮುಚ್ಚಿದ್ದಾರೆ. ಟವರನ್ನ ಬಿಚ್ಚಿ ಹಾಕಿದ್ದಾರೆ, ಹೊತ್ಕೊಂಡು ಹೋಗೋರಿಗೆ ಪುಕ್ಕಟೆ."

"ನೀನು ಯಾರಿಗೂ ಕೇಳಿಸಲ್ವಾ? ನೀನು ಅಡುಗೆಮನೇಲಿ ಮಾತಾಡಿದ್ರೆ ಮೂರನೇ ಬೀದಿಯವರು ಬಾಗಿಲು ತೆಗೀತಾರೆ!" ಎಂದರು ಮಾಸ್ಟರು. ಅವರು ದರ್ಜಿ. ಮನೆಯ ಮುಂಭಾಗದ ಕೋಣೆಯೇ ಅವರ ಅಂಗಡಿ. ಬಲ್ಬು ಬದಲಿಸಲು ಸ್ಟೂಲು ಹತ್ತಿದರೂ ತಲೆ ಸುತ್ತುವ ಮನುಷ್ಯ.

ಸೊಸೆ ತಟ್ಟೆ ಹಿಂದಕ್ಕೆ ತಳ್ಳಿದಳು. "ಅತ್ತೆ, ಹಿತ್ತಿಲಲ್ಲಿ ನನ್ನ ಶೆಡ್ಡು ಅಂತ ಮಾತಾಗಿತ್ತು. ತಗಡಿನ ಶೀಟೂ ಬಂದು ಬಿದ್ದಿದೆ."

ಆಕೆ ಬೋರ್ಡು ಬರೆಯುವವಳು. ಅಂಗಡಿ ಗೋಡೆಗಳ ಮೇಲೆ, ಏಣಿಯ ತುದಿಯಲ್ಲಿ ನಿಂತು ಆಳೆತ್ತರದ ಅಕ್ಷರ ಬರೆದು ಹೆಸರು ಮಾಡಿದ್ದಳು. ಮನೆಗೆ ತಂದ ಬೋರ್ಡುಗಳನ್ನು ಮಾತ್ರ ಅಂಗಡಿಗೂ ಅಡುಗೆಮನೆಗೂ ನಡುವಿನ ಓಣಿಯಂಥ ಜಾಗದಲ್ಲಿ ಗೋಡೆಗೆ ಒರಗಿಸಿಕೊಂಡು ಬರೆಯಬೇಕಿತ್ತು. ಟರ್ಪೆಂಟೈನ್ ವಾಸನೆಗೆ ಮಾಸ್ಟರ ಗಿರಾಕಿಗಳು ಮೂಗು ಮುಚ್ಚುತ್ತಿದ್ದರು. ಹೋದ ವಾರವಷ್ಟೇ ಯಾರದೋ ಬಿಳಿ ಪ್ಯಾಂಟಿನ ಮೇಲೆ ನೀಲಿ ಹನಿ ಬಿದ್ದು ದೊಡ್ಡ ರಂಪವಾಗಿತ್ತು.

"ಶೆಡ್ಡು ಬೇಡ ಅಂದೋರು ಯಾರು? ಒಂದಷ್ಟು ದಿನ ತಡೀಲಿ" ಎಂದರು ಹಲೋ ಅಮ್ಮ.

"ಟವರ್ ಅಂದ್ರೆ ಒಂದು ಕಂಬ ಅಲ್ಲ ಅತ್ತೆ. ಬೀಳದ ಹಾಗೆ ಮೂರು ಕಡೆ ಸ್ಟೇ ವಯರ್ ಎಳೀಬೇಕು. ಹಿತ್ತಿಲಿಗೆ ಹಿತ್ತಿಲೇ ಜೇಡರ ಬಲೆ ಆಗುತ್ತೆ. ಶೆಡ್ಡು ಎಲ್ಲಿ ಕಟ್ಲಿ, ನಿಮ್ಮ ಮೈಕಿನ ಮೇಲಾ?"

ಮಗ ತಾಯಿಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ತಲೆ ಬಗ್ಗಿಸಿ ಬಟಾಣಿ ಎಣಿಸುವವನ ಹಾಗೆ ತಿನ್ನತೊಡಗಿದ. ನೀರು ಸರಬರಾಜು ಕಚೇರಿಯಲ್ಲಿ ದಿನವಿಡೀ ಜನರ ದೂರು ಕೇಳಿ ರೂಢಿಯಾಗಿದ್ದವನಿಗೂ ಈ ದೂರು ಎಲ್ಲಿ ಬರೆದುಕೊಳ್ಳಬೇಕೆಂದು ತಿಳಿಯಲಿಲ್ಲ.

ಮಂಗಳವಾರ ಲಾರಿ ಬಂದೇ ಬಂತು. ಮೂರು ಕಾಲಿನ ಕಬ್ಬಿಣದ ಎಂಟು ತುಂಡುಗಳು, ಒಂದೊಂದೂ ಹತ್ತಡಿ ಉದ್ದ, ಮೈಯೆಲ್ಲ ತುಕ್ಕು. ಲಾರಿಯವನು ಅವನ್ನು ದಡದಡನೆ ಇಳಿಸಿದ್ದು ಶೆಡ್ಡಿನ ಶೀಟುಗಳ ಮೇಲೆ.

ಅಲ್ಲಿಂದ ಒಂದು ವಾರ ಅತ್ತೆ ಸೊಸೆಯ ನಡುವೆ ಮಾತಿಲ್ಲ. ಅಡುಗೆ ನಿಲ್ಲಲಿಲ್ಲ, ಪಾತ್ರೆ ತೊಳೆಯುವುದು ನಿಲ್ಲಲಿಲ್ಲ. ಮಾತು ಮಾತ್ರ ಮಗನ ಮೂಲಕ ಹಾದು ಹೋಗುತ್ತಿತ್ತು.

"ನಿಮ್ಮ ಅಮ್ಮನಿಗೆ ಉಪ್ಪು ಬೇಕಾ ಕೇಳಿ."

"ನನ್ನ ಕೈಗೆ ಎಟಕುತ್ತೆ ಅಂತ ಹೇಳಪ್ಪ ಅವಳಿಗೆ."

"ನಾನೇನು ನಿಮ್ಮಿಬ್ಬರ ಎಕ್ಸ್‌ಚೇಂಜಾ?" ಎಂದು ಒಂದು ದಿನ ಮಗ ತಟ್ಟೆ ಹಿಡಿದು ಅಂಗಡಿಗೆ ಹೋಗಿ ಅಪ್ಪನ ಜೊತೆ ಬಟ್ಟೆಗಳ ನಡುವೆ ಕೂತು ಉಂಡ.

ಆ ಮೌನ ಮುರಿದದ್ದು ಬಣ್ಣದಿಂದ. ಹಲೋ ಅಮ್ಮ ಒಂದು ಬೆಳಿಗ್ಗೆ ಹಳೆಯ ಸೀರೆಯನ್ನು ಸೊಂಟಕ್ಕೆ ಸಿಕ್ಕಿಸಿ, ಎಲ್ಲಿಂದಲೋ ತಂದ ಡಬ್ಬಿ ತೆರೆದು, ಮೊದಲ ತುಂಡಿಗೆ ಬಣ್ಣ ಬಳಿಯಲು ಕೂತರು. ಸೊಸೆ ಬಟ್ಟೆ ಒಣಗಿಸುತ್ತ ಓರೆಗಣ್ಣಲ್ಲಿ ನೋಡಿದಳು. ಒಂದು ನಿಮಿಷ ತಡೆದಳು, ಎರಡು ನಿಮಿಷ ತಡೆದಳು.

"ಅಯ್ಯೋ! ತುಕ್ಕಿನ ಮೇಲೇ ಬಳೀತಿದೀರಲ್ಲ! ಉಜ್ಜದೆ ಬಳಿದ್ರೆ ಆರು ತಿಂಗಳಿಗೆ ಹಪ್ಪಳದ ಹಾಗೆ ಏಳುತ್ತೆ. ಅದೂ ಗೋಡೆಗೆ ಬಳಿಯೋ ಬಣ್ಣ! ಯಾರು ಕೊಟ್ರು ನಿಮಗೆ ಇದನ್ನ?"

"ಅಂಗಡಿಯವನು."

"ಅವನ ತಲೆ!" ಸೊಸೆ ಒದ್ದೆ ಬಟ್ಟೆ ಬಕೆಟ್ಟಿಗೆ ಹಾಕಿ ಬಂದು ಬ್ರಷ್ಷು ಕಿತ್ತುಕೊಂಡಳು. "ಏಳಿ. ಇದು ನಿಮಗೋಸ್ಕರ ಅಲ್ಲ, ಬಣ್ಣದ ಮರ್ಯಾದೆಗೋಸ್ಕರ."

"ನಾನು ನಿನ್ನ ಕೇಳಲೂ ಇಲ್ಲ."

"ಕೇಳದಿದ್ರೂ ಉಜ್ಜಿ. ಆ ತಂತಿ ಬ್ರಷ್ಷು ತಗೊಳ್ಳಿ."

ಇಬ್ಬರೂ ಉಜ್ಜಿದರು. ಕೆಂಪು ತುಕ್ಕಿನ ಪುಡಿ ಹುಬ್ಬಿಗೆ, ಕೂದಲಿಗೆ ಹತ್ತಿ ಅತ್ತೆ ಸೊಸೆ ಒಂದೇ ಬಣ್ಣವಾದರು. ಉಜ್ಜಿದ ಮೇಲೆ ಪ್ರೈಮರ್, ಅದರ ಮೇಲೆ ಒಂದು ತುಂಡಿಗೆ ಕೆಂಪು, ಒಂದಕ್ಕೆ ಬಿಳಿ. ನಾಲ್ಕನೇ ತುಂಡಿಗೆ ಬರುವ ಹೊತ್ತಿಗೆ ಸೊಸೆಯೇ ಕೇಳಿದಳು: "ಇದನ್ನ ಎಲ್ಲಿ ನಿಲ್ಲಿಸ್ತೀರಾ?"

"ನಟ್ಟ ನಡುವೆ."

"ನಟ್ಟ ನಡುವೆ ಬೇಡ. ಬನ್ನಿ ಇಲ್ಲಿ."

ಅವಳು ಮಾಸ್ಟರ ಅಂಗಡಿಯಿಂದ ಸೀಮೆಸುಣ್ಣವನ್ನೂ ದಾರದ ಉಂಡೆಯನ್ನೂ ತಂದಳು. ಹಿತ್ತಿಲು ಒಂದು ಕಾಲದಲ್ಲಿ ಮರದ ಡಿಪೋ ಆಗಿದ್ದ ಜಾಗ, ಉದ್ದಗಲ ಬೇಕಾದಷ್ಟಿತ್ತು. ಮೂರು ಗೂಟ ನೆಟ್ಟು, ದಾರ ಎಳೆದು, ಕಿತ್ತು, ತಿರುಗಿಸಿ ಮತ್ತೆ ನೆಟ್ಟಳು. ಟವರನ್ನು ಅಂಗಡಿಯ ಕಡೆಗೆ ಸ್ವಲ್ಪ ಸರಿಸಿದರೆ ಎರಡು ತಂತಿಗಳ ನಡುವಿನ ಅಗಲದಲ್ಲಿ ಶೆಡ್ಡು ಆರಾಮವಾಗಿ ಕೂರುತ್ತಿತ್ತು. ಮೂರನೆಯ ತಂತಿಯ ಬುಡ ಹೂಳುವ ಗುಂಡಿ ಮಾತ್ರ ಬಿದ್ದದ್ದು ಮಾಸ್ಟರು ದಿನಾ ಸಂಜೆ ಚಹಾ ಕುಡಿಯುವ ಕಲ್ಲುಬೆಂಚಿನ ಕೆಳಗೆ.

"ಮಾವ, ನಿಮ್ಮ ಬೆಂಚು ಎತ್ತಬೇಕು."

ಮಾಸ್ಟರು ಕುತ್ತಿಗೆಯ ಅಳತೆಪಟ್ಟಿ ಸರಿಮಾಡಿಕೊಳ್ಳುತ್ತ ದಾರ ನೋಡಿದರು, ಹೆಂಡತಿಯನ್ನು ನೋಡಿದರು. "ನೀವಿಬ್ಬರೂ ಜಗಳ ಆಡ್ತಿದ್ದಾಗ ನಾನು ಸುಖವಾಗಿದ್ದೆ. ರಾಜಿಯಾದ್ರಿ, ಕತ್ತರಿ ಬಿದ್ದಿದ್ದು ನನ್ನ ಬಟ್ಟೆಗೆ."

ಮುಚ್ಚಿದ ನಿಲಯದಲ್ಲಿ ಇದೇ ಟವರನ್ನು ನೋಡಿಕೊಳ್ಳುತ್ತಿದ್ದ ಮೇಸ್ತ್ರಿಯೊಬ್ಬರು ಬಂದು ಪಾಯ ಹಾಕಿಸಿದರು. ಸೊಂಟ ಹಿಡಿದು ಹತ್ತುವುದು ಬಿಟ್ಟಿದ್ದರು. ಗಂಟಲು ಮಾತ್ರ ಗಟ್ಟಿಯಾಗಿತ್ತು. ಕಾಂಕ್ರೀಟು ಗಟ್ಟಿಯಾಗಲು ಬಿಟ್ಟ ದಿನಗಳಲ್ಲಿ ಹಲೋ ಅಮ್ಮ ಬೆಳಗಾಗೆದ್ದು ಮೆಟ್ಟಿಲು ಹತ್ತಿ ಇಳಿದು ಮಾಡುತ್ತಿದ್ದರು.

"ಏನಿದು ಕವಾಯತು?" ಎಂದ ಮಗ.

"ಹತ್ತೋರು ಯಾರು ಅಂದ್ಕೊಂಡಿದ್ದೀಯ? ನನ್ನ ಟವರ್, ನಾನೇ ಹತ್ತೋದು."

"ಅಮ್ಮ! ನಿನ್ನ ಮಂಡಿ!"

"ನನ್ನ ಮಂಡಿ ನಾನು ಹೇಳ್ದಂಗೆ ಕೇಳುತ್ತೆ. ನೀನು ಕೇಳದಿದ್ರೂ."

ಮುಂದಿನ ಭಾನುವಾರ ನೆಲದಲ್ಲೇ ಜೋಡಿಸಿದ ಎರಡು ತುಂಡು ಎದ್ದು ನಿಂತವು. ತಾತ್ಕಾಲಿಕವಾಗಿ ಮೂರೂ ಕಡೆ ಹಗ್ಗ ಬಿಗಿದು, ಮೇಸ್ತ್ರಿ ತಮ್ಮ ಹಳೆಯ ಬೆಲ್ಟುಗಳಲ್ಲಿ ಒಂದನ್ನು ಹಲೋ ಅಮ್ಮನ ಸೊಂಟಕ್ಕೂ ತೊಡೆಗೂ ಕಟ್ಟಿದರು. "ಎರಡು ಕೊಂಡಿ. ಒಂದನ್ನ ಬಿಚ್ಚೋ ಮುಂಚೆ ಇನ್ನೊಂದು ಹಾಕಿರಬೇಕು. ಮರೆತ್ರೆ ನಾನಿಲ್ಲಿಂದ ಬೈತೀನಿ."

ಹಲೋ ಅಮ್ಮ ಹತ್ತಿದರು. ಮೊದಲ ತುಂಡು ಸರಸರನೆ. ಅಂಗಡಿಯ ಕಿಟಕಿ ಮುಚ್ಚಿಕೊಂಡ ಮಾಸ್ಟರ ಹೊಲಿಗೆ ಯಂತ್ರ ಹುಚ್ಚು ಹಿಡಿದಂತೆ ಓಡುತ್ತಿತ್ತು. ಎರಡನೆಯ ತುಂಡಿನ ನಡುವೆ ಹಲೋ ಅಮ್ಮ ಒಂದು ಕಾಲೆತ್ತಿದವರು ಹಾಗೇ ನಿಂತುಬಿಟ್ಟರು.

"ಏನಾಯ್ತಮ್ಮಾ?" ಎಂದ ಮಗ.

"ಏನಿಲ್ಲ. ಸೊಗಸಾಗಿ ಗಾಳಿ ಬೀಸ್ತಿದೆ."

ಸೊಸೆ ಅತ್ತೆಯ ಬೆರಳುಗಳನ್ನು ನೋಡಿದಳು. ಹಿಡಿದ ಹಿಡಿತಕ್ಕೆ ಬೆಳ್ಳಗಾಗಿದ್ದವು. ಯಾರನ್ನೂ ಕೇಳದೆ ಇನ್ನೊಂದು ಬೆಲ್ಟು ಕಟ್ಟಿಕೊಂಡು ಪಕ್ಕದ ಮುಖದಿಂದ ಹತ್ತಿದಳು.

"ಅತ್ತೆ, ಮಂಡಿ ಹಿಡ್ಕೊಂಡಿದೆಯಾ?"

"ಮೆಲ್ಲಗೆ ಮಾತಾಡು. ಕೆಳಗೆ ಕೇಳಿಸುತ್ತೆ."

"ಸರಿ. ಎಡಗಾಲು ನನ್ನ ಕೈ ಮೇಲೆ ಬಿಡಿ. ನಾನು ತಂದು ಇಡ್ತೀನಿ. ಕೊಂಡಿ ಹಾಕಿದ್ರಾ? ಈಗ ಬಲಗಾಲು."

ಹೆಜ್ಜೆ ಹೆಜ್ಜೆಗೂ ಅತ್ತೆಯ ಪಾದವನ್ನು ಅಂಗೈಯಲ್ಲಿ ಹಿಡಿದು ಸೊಸೆ ಕೆಳಗಿನ ಪಟ್ಟಿಗೆ ಇಳಿಸಿದಳು. ನೆಲ ಮುಟ್ಟಿದ ಮೇಲೆ ಹಲೋ ಅಮ್ಮ ಯಾರ ಮುಖವನ್ನೂ ನೋಡದೆ ಒಳಗೆ ಹೋಗಿ ರೇಡಿಯೋ ಕೋಣೆಯ ಬಾಗಿಲು ಹಾಕಿಕೊಂಡರು. ಆ ದಿನ ಊಟಕ್ಕೂ ಏಳಲಿಲ್ಲ.

ಸಂಜೆ ಮಾಸ್ಟರು ಹಿತ್ತಿಲಿಗೆ ಬಂದು, ಹೆಂಡತಿ ಬಿಚ್ಚಿ ಎಸೆದಿದ್ದ ಬೆಲ್ಟನ್ನು ಎತ್ತಿಕೊಂಡರು. ಅಭ್ಯಾಸಬಲದಿಂದ ಹೊಲಿಗೆಯ ಮೇಲೆ ಉಗುರು ಆಡಿಸಿದರು. ದಾರ ಪುಡಿಪುಡಿಯಾಗಿ ಉದುರಿತು. ಅವರು ಅದನ್ನು ಹಿಡಿದುಕೊಂಡು ನೇರವಾಗಿ ರೇಡಿಯೋ ಕೋಣೆಗೆ ಹೋಗಿ ಬಾಗಿಲು ತಳ್ಳಿದರು.

"ಬಿಸಿಲಿಗೆ ಸತ್ತ ದಾರ ಇದು. ಇದರ ಮೇಲೆ ನೇತಾಡ್ತಿದ್ದೆ ನೀನು." ಉದುರಿದ ದಾರವನ್ನು ಸೆಟ್ಟಿನ ಮುಂದೆ ಕೊಡವಿದರು. "ನಾನಿಲ್ಲಿ ಕಿಟಕಿ ಮುಚ್ಕೊಂಡು ಯಾರದೋ ಕಾಲರ್ ಹೊಲೀತಿದ್ದೆ!"

ಹಲೋ ಅಮ್ಮ ಬೆಲ್ಟನ್ನು ಅವರ ಕೈಯಿಂದ ತೆಗೆದು ಪಕ್ಕಕ್ಕಿಟ್ಟರು. "ಊಟ ಆಯ್ತಾ ನಿಮ್ದು?" ಎಂದರು ಸಣ್ಣಗೆ.

ಮರುದಿನ ಮಾಸ್ಟರು ಅಂಗಡಿ ಮುಚ್ಚಿ ಮಗನೊಂದಿಗೆ ಪೇಟೆಗೆ ಹೋದರು. ಅಂಗಿಯ ಗುಂಡಿ ಕಳೆದರೆ ಇಡೀ ಮನೆ ಗುಡಿಸಿ ಹುಡುಕುವ ಮನುಷ್ಯ ಚೌಕಾಸಿ ಕೂಡ ಮಾಡದೆ ಎರಡು ಹೊಸ ಬೆಲ್ಟು ತಂದರು. ತರುವ ಮುಂಚೆ ಅಂಗಡಿಯವನ ಎದುರೇ ಒಂದೊಂದು ಹೊಲಿಗೆಯನ್ನೂ ಎಳೆದೆಳೆದು ನೋಡಿದ್ದರಂತೆ. "ಅಪ್ಪ ಅಷ್ಟು ಎಳೆದಿದ್ದಕ್ಕೆ ಅವನು ನಮ್ಮನ್ನ ಹೊರಗೆ ಹಾಕಲಿಲ್ಲವಲ್ಲ, ಅದೇ ಪುಣ್ಯ" ಎಂದ ಮಗ.

ಎರಡೂ ಬೆಲ್ಟು ಮೇಜಿನ ಮೇಲಿದ್ದವು. ಸುತ್ತ ನಾಲ್ವರೂ ಕೂತಿದ್ದರು. ಹಲೋ ಅಮ್ಮ ಒಂದನ್ನು ಎತ್ತಿ ಸೊಸೆಯ ಮುಂದಿಟ್ಟರು.

"ನೀನು ಹತ್ತು. ನಾನು ಕೆಳಗೆ ನಿಂತು ಹೇಳ್ತೀನಿ."

"ಶೆಡ್ಡು?"

"ನಿನ್ನ ದಾರ ಎಲ್ಲಿದೆಯೋ ಅಲ್ಲೇ. ಟವರ್ ಮುಗಿದ ಮಾರನೇ ವಾರ."

ಮಗ ಎದ್ದು ನಿಂತ. "ನಿನ್ನ ಹುಚ್ಚಿಗೆ ನನ್ನ ಹೆಂಡ್ತಿ ಬೇಕಾ ಅಮ್ಮ? ನಿನ್ನೆ ನಿನ್ನ ಅವಸ್ಥೆ ನೋಡಿದ್ದು ಸಾಲದಾ? ನಾಳೇನೇ ಆ ಕಬ್ಬಿಣ ಗುಜರಿಗೆ ಹಾಕ್ತೀನಿ!"

"ರೀ" ಎಂದಳು ಸೊಸೆ. "ಹತ್ತೋದು ನಾನು. ನನ್ನನ್ನೊಂದು ಮಾತು ಕೇಳಿದ್ರಾ?"

"ಕೇಳೋದೇನಿದೆ?"

"ನಿನ್ನೆ ಅತ್ತೆಯನ್ನ ಇಳಿಸ್ತಾ ಒಂದ್ಸಲ ತಲೆ ಎತ್ತಿದೆ. ಅಷ್ಟು ಎತ್ತರಕ್ಕೇ ನಮ್ಮ ಬೀದಿ ಮಡಚಿಟ್ಟ ಬಟ್ಟೆ ಹಾಗೆ ಕಾಣ್ತಿತ್ತು. ರಾತ್ರಿಯೆಲ್ಲ ಅದೇ ಕಣ್ಣಲ್ಲಿ. ನಂಗೆ ಹತ್ತಬೇಕು ರೀ. ಅತ್ತೆಗೋಸ್ಕರ ಅಲ್ಲ, ಶೆಡ್ಡಿಗೂ ಅಲ್ಲ."

ಮಗ ಅಪ್ಪನ ಕಡೆ ನೋಡಿದ. ಮಾಸ್ಟರು, "ನನ್ನ ಕಡೆ ನೋಡಬೇಡ. ನಾನು ಹೊಲಿಗೆ ನೋಡಿದ್ದೀನಿ, ಗಟ್ಟಿ ಇದೆ. ಹಗ್ಗ ಹಿಡಿಯೋಕೆ ಗಟ್ಟಿ ಕೈ ಬೇಕಂತೆ, ನೀನು ನೋಡ್ಕೋ" ಎಂದರು.

ಅಲ್ಲಿಂದ ಭಾನುವಾರಗಳು ಹಬ್ಬದ ಹಾಗಾದವು. ಬೆಳಿಗ್ಗೆಯೇ ದೊಡ್ಡ ಪಾತ್ರೆಯಲ್ಲಿ ಆಲೂಗಡ್ಡೆ, ಮೊಟ್ಟೆ ಬೇಯಿಸಿಟ್ಟು, ಚಹಾ ಫ್ಲಾಸ್ಕಿಗೆ ತುಂಬಿ ಎಲ್ಲರೂ ಹಿತ್ತಿಲಿಗೆ. ಮೇಲೆ ಸೊಸೆ, ಆಗಲೇ ನಿಂತಿದ್ದ ತುಂಡಿನ ತುದಿಗೆ, ರಾಟೆ ಕಟ್ಟಿದ ಕೊಳವೆ ಬಿಗಿಯುವಳು. ಕೆಳಗೆ ಮಗ ಮತ್ತು ಮೇಸ್ತ್ರಿ ಹಗ್ಗ ಎಳೆಯುವರು. ಮುಂದಿನ ತುಂಡು ನಿಧಾನವಾಗಿ ಅವಳ ತಲೆಯ ಮೇಲೇರಿ, ಇಳಿದು, ಮೂರು ಕಾಲೂ ಮೂರು ತೂತಿಗೆ ಕೂರುವುದು. ತುಂಡು ಅತ್ತಿತ್ತ ಹೊಯ್ದಾಡದ ಹಾಗೆ ಅದರ ಬುಡಕ್ಕೆ ಕಟ್ಟಿದ ಇನ್ನೊಂದು ಹಗ್ಗ, ಮೇಸ್ತ್ರಿಯ ಬಾಯಲ್ಲಿ ಬಾಲದ ಹಗ್ಗ, ಹಲೋ ಅಮ್ಮನ ಕೈಯಲ್ಲಿ.

"ಬೋಲ್ಟು ಹಾಕಿದ್ಯಾ?"

"ಹಾಕಿದೆ!"

"ಮೂರೂ?"

"ಮೂರೂ ಅತ್ತೆ! ನನಗೂ ಲೆಕ್ಕ ಬರುತ್ತೆ!"

ಮೂರನೆಯ ತುಂಡಾದ ಮೇಲೆ ಮೊದಲ ಸುತ್ತು ಸ್ಟೇ ವಯರ್ ಬಿಗಿದರು, ಆರನೆಯದಾದ ಮೇಲೆ ಎರಡನೆಯದು. ಅಕ್ಕಪಕ್ಕದವರು ತಾರಸಿಗಳ ಮೇಲೆ ಕುರ್ಚಿ ಹಾಕಿಕೊಂಡು ಕೂರಲಾರಂಭಿಸಿದರು. ವಾರದ ದಿನಗಳಲ್ಲೂ ಮನೆಯಲ್ಲಿ ಅದೇ ಮಾತು. ಮಗ ಕಚೇರಿಯಿಂದ ಬಂದವನು ಚಪ್ಪಲಿ ಬಿಡುವ ಮುಂಚೆ ಹಿತ್ತಿಲಿಗೆ ಹೋಗಿ ತಂತಿ ತಟ್ಟಿ ನೋಡುತ್ತಿದ್ದ. ಗುಜರಿಯ ಮಾತು ಅವನಿಗೇ ಮರೆತಿತ್ತು.

ಎಂಟನೆಯ ತುಂಡಿನ ದಿನ ಬೆಳಿಗ್ಗೆ ಎಲೆ ಅಲ್ಲಾಡುತ್ತಿರಲಿಲ್ಲ. ತುಂಡು ಏರಿ, ಸೊಸೆಯ ಎದೆಯ ಮಟ್ಟಕ್ಕೆ ಬಂದಾಗ ಎಲ್ಲಿತ್ತೋ ಗಾಳಿ, ಒಮ್ಮೆಲೇ ರಪ್ಪನೆ ಬಡಿಯಿತು. ಹಲೋ ಅಮ್ಮನ ಅಂಗೈ ಸುಡುವಂತೆ ಉಜ್ಜಿಕೊಂಡು ಹಗ್ಗ ಕೈತಪ್ಪಿತು. ಮೇಲೆ ಕಬ್ಬಿಣ ಒಂದು ಸುತ್ತು ತಿರುಗಿ ಟವರಿಗೆ ಢಣ್ ಎಂದು ಬಡಿಯಿತು, ಸೊಸೆಯ ಮೊಣಕೈಯಿಂದ ಒಂದು ಗೇಣಿನಲ್ಲಿ.

"ಕೆಳಗೆ ಬಿಡ್ರೀ!" ಎಂದು ಮಗ ಕಿರುಚಿದ.

"ಬಿಡಬೇಡ! ಬಿಟ್ರೆ ಅವಳ ಮೇಲೇ ಇಳಿಯುತ್ತೆ!" ಮೇಸ್ತ್ರಿಯ ಗಂಟಲು ಸೀಳಿತು. "ಆ ಬಾಲದ ಹಗ್ಗ ಹಿಡೀರಿ ಯಾರಾದ್ರೂ!"

ಬಾಲದ ಹಗ್ಗ ಹಾವಿನಂತೆ ಹಿತ್ತಿಲ ತುಂಬ ಹೊರಳಾಡುತ್ತಿತ್ತು. ಮಗ ಹಿಡಿದ ಹಗ್ಗ ಬಿಡುವಂತಿರಲಿಲ್ಲ. ಆಗ ಅಂಗಡಿಯ ಹಿಂಬಾಗಿಲು ಧಡಾರನೆ ತೆರೆಯಿತು. ಕುತ್ತಿಗೆಗೆ ಅಳತೆಪಟ್ಟಿ, ಬಾಯಲ್ಲಿ ಎರಡು ಗುಂಡುಸೂಜಿ; ಮಾಸ್ಟರು ಓಡಿ ಬಂದವರೇ ಹಗ್ಗದ ಮೇಲೆ ಬಿದ್ದರು. ಸೊಂಟಕ್ಕೆ ಎರಡು ಸುತ್ತು ಸುತ್ತಿಕೊಂಡು, ಕಾಲು ಚಾಚಿ ನೆಲಕ್ಕೆ ಕೂತುಬಿಟ್ಟರು. ಸೂಜಿ ಉಗಿದರು.

"ಬಿಡಬೇಡಿ ರೀ!" ಎಂದು ಹಲೋ ಅಮ್ಮ ಓಡಿ ಅವರ ಹಿಂದೆ ಕೂತು ತಾವೂ ಹಗ್ಗ ಹಿಡಿದರು.

"ಬಿಡಲ್ಲ! ಕಣ್ಣು ಮಾತ್ರ ತೆಗೆಯಲ್ಲ!"

"ತೆಗೀಬೇಡಿ! ಹಿಂದಕ್ಕೆ ಒರಗಿ! ಇನ್ನೂ!"

ತಿರುಗುತ್ತಿದ್ದ ತುಂಡು ಮೆಲ್ಲಗೆ ನಿಂತಿತು. ಮೇಲೆ ಸೊಸೆ ಎರಡೂ ಕೊಂಡಿಗಳ ಮೇಲೆ ಭಾರ ಬಿಟ್ಟು ಒರಗಿ, ಅದರ ಒಂದು ಕಾಲನ್ನು ತಬ್ಬಿ ಹಿಡಿದಳು. ಗಾಳಿ ಇನ್ನೊಮ್ಮೆ ಬೀಸಿತು, ಹೋಯಿತು.

"ಮೇಲೆ... ಒಂದು ಅಂಗುಲ!" ಎಂದಳು. ಮಗ ಎಳೆದ. "ಈಗ ಇಳಿಸಿ. ಇಳಿಸಿ... ಕೂತಿತು! ಕೂತಿತು ಅತ್ತೆ!"

ತಾರಸಿಗಳ ಮೇಲಿಂದ ಚಪ್ಪಾಳೆ. ಮೇಸ್ತ್ರಿ ಮಗನ ಬೆನ್ನಿಗೆ ಗುದ್ದಿದರು. ಮಗನ ಮುಖದಲ್ಲಿ ಬೆವರು ಯಾವುದು ಕಣ್ಣೀರು ಯಾವುದು ತಿಳಿಯುತ್ತಿರಲಿಲ್ಲ. ಮಾಸ್ಟರು ಮಾತ್ರ ಕಣ್ಣು ಮುಚ್ಚಿಕೊಂಡೇ, "ಬೋಲ್ಟು ಹಾಕಿದಳಾ? ಮೂರೂ ಹಾಕಿದಳಾ?" ಎಂದು ಕೇಳುತ್ತಲೇ ಇದ್ದರು.

ಕೊನೆಯ ಸುತ್ತು ತಂತಿಯನ್ನೂ ಬಿಗಿದ ಮೇಲೆ ಆಂಟೆನಾ ಏರಿತು. ಎಲ್ಲ ಮುಗಿದರೂ ಸೊಸೆ ಇಳಿಯಲಿಲ್ಲ.

"ಏನೇ ಕಾಣುತ್ತೆ ಅಲ್ಲಿಂದ?" ಹಲೋ ಅಮ್ಮ ಕೈಗಳನ್ನು ಬಾಯಿಗೆ ಹಿಡಿದು ಕೂಗಿದರು.

"ಎಲ್ಲಾನೂ! ನೀರಿನ ಟ್ಯಾಂಕಿನ ತಲೆ ಕಾಣುತ್ತೆ! ರೈಲು ಹೋಗ್ತಿದೆ, ಕಂಬಳಿಹುಳ ಇದ್ದಂಗಿದೆ! ಅತ್ತೆ, ನನ್ನ ಬೋರ್ಡು! ಬೇಕರಿ ಗೋಡೆ ಮೇಲಿಂದು! ಇಲ್ಲಿಂದ್ಲೂ ಓದಬಹುದು!"

"ಇನ್ನೇನು? ಆ ಕಡೆ ಏನಿದೆ, ಬೆಟ್ಟದ ಆಚೆ?"

"ಆಚೆ ಇನ್ನೊಂದು ಬೆಟ್ಟ!"

"ಅದರ ಆಚೆ?"

"ಅದನ್ನ ನಿಮ್ಮ ರೇಡಿಯೋ ಕೇಳಿ ನೀವೇ ಹೇಳ್ಬೇಕು!"

ಊಟ ಆರಿ ಹೋಗುತ್ತಿತ್ತು. ಯಾರೂ ಅವಳನ್ನು ಇಳಿ ಎನ್ನಲಿಲ್ಲ. ಎಲ್ಲರೂ ತಟ್ಟೆ ತಂದು ಟವರಿನ ಬುಡದಲ್ಲೇ ಕೂತು, ಕತ್ತೆತ್ತಿಕೊಂಡೇ ಉಂಡರು.

ಸಂಜೆ ಹಲೋ ಅಮ್ಮ ಸುಟ್ಟ ಅಂಗೈಗೆ ಬಟ್ಟೆ ಸುತ್ತಿಕೊಂಡು ಸೆಟ್ಟಿನ ಮುಂದೆ ಕೂತರು. ಮೈಕಿನ ಗುಂಡಿ ಒತ್ತಿ, ಲೈಸೆನ್ಸಿನಲ್ಲಿ ಕೊಟ್ಟ ತಮ್ಮ ಗುರುತಿನ ಅಕ್ಷರಗಳನ್ನು ಹೇಳಿದರು. ಯಾರಾದರೂ ಇದ್ದೀರಾ ಎಂದರು. ಗುಂಡಿಯಿಂದ ಬೆರಳು ತೆಗೆದರು. ಗರಗರ ಸದ್ದು, ಆಮೇಲೆ ಅದರ ನಡುವಿನಿಂದ ಒಂದು ಗಂಡಸಿನ ದನಿ, ಯಾವುದೋ ಸಾಗರದ ನಡುವಿನ ದ್ವೀಪದಿಂದ, ಇಂಗ್ಲಿಷಿನಲ್ಲಿ ಅವರ ಅಕ್ಷರಗಳನ್ನೇ ಒಂದೊಂದಾಗಿ ತಿರುಗಿ ಹೇಳಿತು. "ನಿಮ್ಮ ದನಿ ಪಕ್ಕದ ಮನೆಯಿಂದ ಬಂದ ಹಾಗಿದೆ. ಎಂಥ ಟವರ್ ನಿಮ್ಮದು? ಯಾರು ಹತ್ತಿ ಕಟ್ಟಿದರು?"

"ಒಂದು ನಿಮಿಷ ಇರಿ. ಅವಳನ್ನೇ ಕರೀತೀನಿ, ಅವಳೂ ನಿಮ್ಮ ದನಿ ಕೇಳಲಿ!"

ಹಲೋ ಅಮ್ಮ ಮಂಡಿ ಮರೆತು ಓಡಿದರು. ಅಡುಗೆಮನೆಯಲ್ಲಿ ಸೊಸೆ ಇರಲಿಲ್ಲ. ಸಂಜೆಯ ಅಡುಗೆ ಅವಳದು. ಒಲೆ ಇನ್ನೂ ಹಚ್ಚಿರಲಿಲ್ಲ. ಅವಳು ಸಿಕ್ಕಿದ್ದು ಅಂಗಡಿಯಲ್ಲಿ. ತುಂಡುಬಟ್ಟೆಗಳ ರಾಶಿಯ ಮೇಲೆ ಬಿದ್ದವಳು ಬೆಲ್ಟನ್ನೂ ಬಿಚ್ಚದೆ ಬಾಯಿ ತೆರೆದು ನಿದ್ದೆ ಹೋಗಿದ್ದಳು. ಮಗ ಪಕ್ಕದಲ್ಲಿ ಕೂತು ಒಂದೊಂದೇ ಬಕಲ್ಲು ಸದ್ದಾಗದಂತೆ ಬಿಚ್ಚುತ್ತಿದ್ದ.

"ಎಬ್ಬಿಸ್ಲಾ?" ಎಂದ ಪಿಸುದನಿಯಲ್ಲಿ.

"ಬೇಡ."

ಅವರು ವಾಪಸು ಹೋಗಿ ದ್ವೀಪದವನಿಗೆ, "ಹತ್ತಿದವಳು ನನ್ನ ಸೊಸೆ. ಮಲಗಿದ್ದಾಳೆ. ಆಮೇಲೆ ಸಿಗ್ತೀನಿ" ಎಂದು ಮೈಕು ಕೆಳಗಿಟ್ಟರು. ಸೆಟ್ಟು ಆರಿಸಲಿಲ್ಲ. ಅಡುಗೆಮನೆಗೆ ಹೋಗಿ, ಒಳ್ಳೆಯ ಕೈಯಲ್ಲಿ ಹಿಟ್ಟು ಕಲಸತೊಡಗಿದರು. ಮೆಟ್ಟಿಲ ಕೆಳಗಿನಿಂದ ಒಂದು ದನಿ ಅವರ ಅಕ್ಷರಗಳನ್ನು ಕರೆಯಿತು; ಅದರ ಮೇಲೆ ಇನ್ನೊಂದು, ಹೆಂಗಸಿನದು; ಆಮೇಲೆ ಮುದುಕನೊಬ್ಬನದು. ಮನೆಯ ತುಂಬ ದನಿಗಳು.

ಮಾಸ್ಟರು ಬಾಗಿಲಲ್ಲಿ ಬಂದು ನಿಂತರು. "ಏನಿದು, ಸಂತೆ ಸೇರಿದ ಹಾಗೆ! ಯಾರನ್ನ ಕರೀತಿದಾರೆ ಇವರೆಲ್ಲ?"

"ನನ್ನನ್ನೇ."

"ಮತ್ತೆ ಹೋಗಿ ಉತ್ತರ ಕೊಡು ಮಾರಾಯ್ತಿ!"

ಹಲೋ ಅಮ್ಮ ಹಿಟ್ಟಿನ ಮುದ್ದೆಯನ್ನು ತಿರುವಿ ಹಾಕಿ ಒಂದು ಗುದ್ದು ಗುದ್ದಿದರು.

"ಕಾಯಲಿ ಬಿಡ್ರೀ. ಅವಳು ಎದ್ದ ತಕ್ಷಣ ಹಸಿವು ಅಂತಾಳೆ. ನೀವು ಸುಮ್ನೆ ನಿಲ್ಬೇಡಿ, ಈರುಳ್ಳಿ ಹೆಚ್ಚಿ."